ಶಟರಿನೊಳಗಿನ ಮಾಮಿ

ಪಂಕಜಂ ಮಾಮಿಗೆ ಅರವತ್ತೆರಡು ವರ್ಷ. ಮೈಲಾಪುರದ ಬ್ರಾಹ್ಮಣ ಹೆಂಗಸು, ಒಂಬತ್ತು ಗಜದ ಸೀರೆ, ಮೂಗಿನ ಎರಡೂ ಕಡೆ ವಜ್ರದ ಬೊಟ್ಟು, ಹಣೆಯಲ್ಲಿ ಅಗಲ ಕುಂಕುಮ. ಅವಳ ಕೈಯ ಸಾರು ಕುಡಿದರೆ ಸತ್ತ ತಾಯಿ ನೆನಪಾಗುತ್ತಾಳೆ ಎಂದು ಸಾವಿರಾರು ಜನ ಫೋನಿನಲ್ಲಿ ಐದೈದು ನಕ್ಷತ್ರ ಒತ್ತಿದ್ದಾರೆ. ಆ ಮಾಮಿಯನ್ನು ಹೆತ್ತವಳು ನಾನು. ಗಂಟಲಿನಿಂದ ಹೆತ್ತೆ. ನನಗೆ ಇಪ್ಪತ್ಮೂರು. ಹೆಸರು ಎಳಿಲರಸಿ. ಊರು ಚೆನ್ನೈ, ಏರಿಯಾ ಪುಳಿಯಂತೋಪು. ಜಾತಿಯನ್ನು ನೀವು ಸುತ್ತಿ ಬಳಸಿ ಕೇಳುವ ಮೊದಲೇ ಹೇಳಿಬಿಡುತ್ತೇನೆ, ಚೇರಿಯವಳು, ಅಂದರೆ ದಲಿತರ ಕೇರಿಯವಳು.

ಅಮ್ಮನ ಹೆಸರು ಮರಗದಂ. ಅವಳ ಅಂಗಡಿಗೂ ಅದೇ ಹೆಸರು. ತಗಡಿನ ಬೋರ್ಡು, ಕೆಂಪು ಅಕ್ಷರ, ಮೂರು ಬೆಂಚು. ಬೆಳಿಗ್ಗೆ ಇಡ್ಲಿ, ವಡೆಕರಿ. ಮಧ್ಯಾಹ್ನ ಮತ್ತಿ ಮೀನಿನ ಸಾರು, ಅನ್ನ. ಸಂಜೆ ಹುರಿದ ದನದ ಮಾಂಸ. ಗೂಡ್ಸ್ ಯಾರ್ಡಿನಲ್ಲಿ ಮೂಟೆ ಹೊರುವವರು, ಬೀದಿ ಗುಡಿಸುವವರು, ಆಟೋದವರು ನಮ್ಮ ಗಿರಾಕಿಗಳು. ಆ ಹದಿನಾಲ್ಕು ಅಡಿ ಕೋಣೆ ಅಮ್ಮನ ಸ್ವಂತದ್ದು. ತಾಳಿಯೊಂದನ್ನು ಬಿಟ್ಟು ಮೈಮೇಲಿದ್ದುದನ್ನೆಲ್ಲ ಮಾರಿ ಕೊಂಡಿದ್ದಳು. ಅಪ್ಪ ಹೋದ ಮೇಲೆ ತಾಳಿಯನ್ನೂ ಮಾರಿ ಶಟರ್ ಹಾಕಿಸಿದಳು.

ಬಡಿಸುವುದು ನನ್ನ ಪಾಲು. ಬಡಿಸುವುದು ಅಂದರೆ ಶೋ. ಮೂಟೆ ಹೊರುವ ಇರುದಯಂ ಚಿಕ್ಕಪ್ಪ ಬಾಗಿಲಿಗೆ ಬಂದರೆ ನಾನು ಸೌಟು ಎತ್ತಿ ನಿಲ್ಲುತ್ತಿದ್ದೆ.

"ಯಾರ್ ಬಂದ್ರೂ ಬಿಲ್ ಕೊಡ್ತಾರೆ. ಇರುದಯಂ ಬಂದ್ರೆ ಬಿಲ್ಡಪ್ ಕೊಡ್ತಾರೆ!"

"ಮೊದ್ಲು ಮೀನ್ ಕೊಡೇ ಟಾಕೀಸು. ಡೈಲಾಗ್ ಆಮೇಲೆ," ಅನ್ನುತ್ತಿದ್ದ ಅವನು. ಬೆಂಚೆಲ್ಲ ಶಿಳ್ಳೆ. ಟಾಕೀಸು ಅಂತ ನನಗೆ ಹೆಸರಿಟ್ಟದ್ದು ಅಮ್ಮ. ಇಡೀ ಬೀದಿ ಅದನ್ನೇ ಕರೆಯಿತು.

ಆಮೇಲೆ ಬೀದಿಯೇ ಹೋಯಿತು. ಕಾಲುವೆ ಪಕ್ಕದ ಗುಡಿಸಲುಗಳಿಗೆ ಜೆಸಿಬಿ ಬಂತು, ಹಿಂದೆಯೇ ಲಾರಿ ಬಂತು. ಮಂಚ, ತಪ್ಪಲೆ, ಟಿವಿ, ಅಜ್ಜಿ, ಎಲ್ಲವನ್ನೂ ಒಂದೇ ಲಾರಿಗೆ ಏರಿಸಿ ನಗರದಾಚೆಯ ಡಬ್ಬಿಮನೆಗಳಿಗೆ ಸಾಗಿಸಿದರು. ಅಲ್ಲಿಂದ ಇಲ್ಲಿಗೆ ಎರಡು ಬಸ್ಸು ಬದಲಿಸಬೇಕು. ಇಡ್ಲಿ ತಿನ್ನಲು ಯಾರು ಬರುತ್ತಾರೆ? ಟೀ ಅಂಗಡಿಯ ಮಲಯಾಳಿ ಬಾಗಿಲು ಹಾಕಿದ. ಪರೋಟದ ಕಾಸಿಂ ಭಾಯಿ ತನ್ನ ಕಾವಲಿಯನ್ನು ಗುಜರಿಗೆ ಹಾಕಿ, ಅದು ಹೋಗುವಾಗ ಹೆಣ್ಣು ಕೊಟ್ಟವನ ಹಾಗೆ ಅತ್ತ. ಒಂದು ಪೇಪರಿನಲ್ಲಿ ಬರೆದಿದ್ದರು: ಜನರ ರುಚಿ ಬದಲಾಗಿದೆ, ಅದಕ್ಕೇ ಸಣ್ಣ ಹೋಟೆಲುಗಳು ಮುಚ್ಚುತ್ತಿವೆ. ರುಚಿ ಎಲ್ಲಿ ಬದಲಾಯಿತು? ನಾಲಿಗೆಯನ್ನೇ ಲಾರಿಗೆ ತುಂಬಿಕೊಂಡು ಹೋದರಲ್ಲ.

ನಮ್ಮ ಎದುರಿನ ಹಳೆಯ ಗೋಡೌನು ಕೆಡವಿ ಹದಿನೆಂಟು ಮಹಡಿಯ ಫ್ಲ್ಯಾಟು ಎಬ್ಬಿಸಿದರು. ಅಲ್ಲಿಗೆ ಬಂದವರ ಕಾಲು ನಮ್ಮ ಬೀದಿಯ ನೆಲಕ್ಕೆ ತಾಗಲಿಲ್ಲ. ಕಾರಿನಲ್ಲೇ ಗೇಟಿನೊಳಗೆ ಹೋಗುವವರು, ಫೋನಿನಲ್ಲೇ ಊಟ ತರಿಸುವವರು. ಸರಿ, ಫೋನಿಗೇ ಹೋಗೋಣ ಎಂದು ನಾನು ಮರಗದಂ ಹೋಟೆಲನ್ನೂ ಊಟ ತಲುಪಿಸುವ ಕಂಪನಿಯೊಂದರ ಪಟ್ಟಿಗೆ ಸೇರಿಸಿದೆ. ಮೀನು ಬಿಡಿ, ಮೊಸರನ್ನವನ್ನೂ ಯಾರೂ ಕೇಳಲಿಲ್ಲ. ಕೇಳಿದವನೊಬ್ಬ ಹತ್ತೇ ನಿಮಿಷಕ್ಕೆ ಫೋನ್ ಮಾಡಿದ.

"ಹಲೋ, ಮೊಸರನ್ನ ಹೇಳಿದ್ದೆ. ಇಲ್ಲಿ ಪುಳಿಯಂತೋಪು ಅಂತ ಬರ್ತಿದೆ?"

"ಹೌದು ಸಾರ್."

"ಅಡುಗೆ ಮಾಡೋರು ಯಾರು? ಅಂದ್ರೆ... ಯಾವ ಕಡೆಯೋರು?"

ಮೊಸರನ್ನಕ್ಕೆ ಯಾವ ಕಡೆ? ನನಗೆ ರೇಗಿತು. ನನಗೆ ರೇಗಿದರೆ ಬೈಗುಳ ಬರುವುದಿಲ್ಲ, ವೇಷ ಬರುತ್ತದೆ. ದನಿಯನ್ನು ಸ್ವಲ್ಪ ಮೂಗಿಗೆ ಏರಿಸಿದೆ.

"ಯಾಕಪ್ಪಾ ಮಗೂ, ನಾನೇ ಕಣೋ ಮಾಡೋದು, ಪಂಕಜಂ ಮಾಮಿ! ಮೈಲಾಪುರದವಳು. ಮಗನ ಸಂಸಾರ ಅಂತ ಈ ಕಡೆ ಬಂದು ಬಿದ್ದಿದೀನಿ. ಸ್ನಾನ ಆಗ್ದೇ ಒಲೆ ಹಚ್ಚಿದವಳಲ್ಲ. ಮೊಸರನ್ನಕ್ಕೆ ಶುಂಠಿ ಹಾಕ್ಲೋ, ಬೇಡ್ವೋ?"

"ಅಯ್ಯೋ ಹಾಕಿ ಮಾಮಿ! ನಮಸ್ಕಾರ ಮಾಮಿ!"

ಇನ್ನೂ ಲಾರಿ ಹತ್ತದೆ ಉಳಿದಿದ್ದ ಇರುದಯಂ ಚಿಕ್ಕಪ್ಪ ನಕ್ಕು ನಕ್ಕು ಬೆಂಚಿನಿಂದ ಜಾರಿದ. ಅಮ್ಮ ನಗಲಿಲ್ಲ.

"ಆ ದನಿ ನಮ್ಮ ಅಂಗಡಿಗೆ ಬೇಡ, ಎಳಿಲು," ಅಂದಳು. ಅವಳು ನನ್ನನ್ನು ಪೂರ್ತಿ ಹೆಸರಿನ ಹತ್ತಿರ ಕರೆದರೆ ಅದು ನಿಜವಾದ ಕೋಪ.

ಆ ದನಿ ಎಲ್ಲಿಯದು ಎಂದು ಅವಳಿಗೆ ಗೊತ್ತಿತ್ತು. ಹನ್ನೊಂದು ವರ್ಷ ಅಮ್ಮ ಮೈಲಾಪುರದ ಒಂದು ಮನೆಯಲ್ಲಿ ಪಾತ್ರೆ ತಿಕ್ಕಿದ್ದಳು. ಹಿತ್ತಿಲ ಬಾಗಿಲಿನಿಂದ ಒಳಕ್ಕೆ ಕಾಲಿಟ್ಟವಳಲ್ಲ. ಅವರು ಪಾತ್ರೆ ತಂದು ಕಲ್ಲಿನ ಮೇಲಿಟ್ಟು ದೂರ ಸರಿಯಬೇಕು, ಆಮೇಲೆ ಇವಳು ಮುಟ್ಟಬೇಕು. ತಿಕ್ಕಿ ಬೋರಲು ಹಾಕಿದ ಮೇಲೆ ಅವರು ಮೇಲಿಂದ ನೀರು ಸುರಿದು ಒಳಗೆ ಒಯ್ಯಬೇಕು. ಅಮ್ಮ ಅಡುಗೆ ಕಲಿತದ್ದು ಅಲ್ಲಿ. ಪಾತ್ರೆಯ ತಳದಿಂದ. ಕೂತ ಗಸಿ ನೋಡಿ ಬೇಳೆ ಎಷ್ಟು ಎಂದು ಕಲಿತಳು, ಅಂಚಿಗೆ ಅಂಟಿದ ವಾಸನೆಯಿಂದ ಇಂಗು ಎಷ್ಟು ಎಂದು, ಸೀದ ಬಣ್ಣದಿಂದ ಉರಿ ಎಷ್ಟು ಎಂದು. ರಜೆಯಲ್ಲಿ ನಾನೂ ಅಲ್ಲಿ ಸೀಬೆ ಮರದ ಕೆಳಗೆ ಕೂತಿರುತ್ತಿದ್ದೆ. ಅಮ್ಮ ಸಾರು ಕಲಿತಳು, ನಾನು ದನಿ ಕಲಿತೆ. ಒಂದು ಮನೆಯಿಂದ ನಾವು ಕದ್ದದ್ದು ಇವೆರಡೇ.

ಆ ಮೊಸರನ್ನದ ಫೋನು ಬಂದ ಹೊತ್ತಿನಲ್ಲಿ ಮೂರನೇ ಬೆಂಚಿನಲ್ಲಿ ಒಬ್ಬ ಕೂತಿದ್ದ. ವಿಲನ್ ಎಂಟ್ರಿಗೆ ಗುಡುಗು, ಮಿಂಚು ಇರಬೇಕು. ಇವನು ಬಿಳಿ ಶೂ ಹಾಕಿಕೊಂಡು ಸಾರು ಕುಡಿಯುತ್ತಿದ್ದ. ಹೆಸರು ದಿನಕರನ್. ಫೋನಿನಲ್ಲಿ ಮಾತ್ರ ಇರುವ ಹೋಟೆಲುಗಳನ್ನು ನಡೆಸುವವನು. ಅಡುಗೆಗೆ ಅಗ್ಗದ ಕೋಣೆ ಹುಡುಕುತ್ತ ನಮ್ಮ ಬೀದಿಗೆ ಬಂದಿದ್ದ.

"ಅಕ್ಕಾ, ಇಂಥಾ ಸಾರು ನಾನು ಮೈಲಾಪುರದಲ್ಲೂ ಕುಡಿದಿಲ್ಲ. ಈ ಕೈಗೆ ಈ ಬೋರ್ಡೇ ಶತ್ರು," ಅಂದ.

"ಬೋರ್ಡ್ ಮೇಲೆ ಇರೋದು ನನ್ನ ಹೆಸ್ರಪ್ಪಾ," ಅಂದಳು ಅಮ್ಮ.

"ಅದೇ ಅಕ್ಕಾ ನಾನು ಹೇಳಿದ್ದು. ಜಾತಿ ಗೀತಿ ನಾನು ನೋಡೋನಲ್ಲ, ನಿಮ್ಮ ಕೈಯಲ್ಲೇ ತಿಂದ್ನಲ್ಲ. ನೋಡೋನು ಗಿರಾಕಿ. ಗಿರಾಕಿ ಅಂದ್ರೆ ದೇವ್ರು."

"ದೇವ್ರಿಗೆ ಗರ್ಭಗುಡಿ ಇರುತ್ತೆ ಸಾರ್. ನಾವೆಲ್ಲಿ ನಿಲ್ಬೇಕು?" ಅಂದೆ ನಾನು.

"ಹಿಂದೆ," ಅಂದ. ತಮಾಷೆ ಎಂದುಕೊಂಡು ನಕ್ಕೆ. ಅವನು ತಮಾಷೆ ಮಾಡಿರಲಿಲ್ಲ.

ಕರಾರು ಹೀಗಿತ್ತು. ಮೀನು ಬಂದ್, ಮಾಂಸ ಬಂದ್, ಬೆಂಚು ಬಂದ್. ಅಮ್ಮ ಸಾರು, ಹುಳಿ, ಪಲ್ಯ, ಪುಳಿಯೋಗರೆ ಮಾಡಬೇಕು. ನಾನು ಫೋನಿನಲ್ಲಿ ಮಾಮಿಯಾಗಬೇಕು. ಮುಂದಿನ ಶಟರ್ ಯಾವತ್ತೂ ಮೇಲೆ ಹೋಗಬಾರದು. ಪೊಟ್ಟಣ ಒಯ್ಯುವ ಬೈಕಿನವರು ಹಿಂದಿನ ಗಲ್ಲಿಯಿಂದ ಬರುತ್ತಾರೆ.

"ಬಾಗಿಲು ಹಾಕಿದ್ಮೇಲೆ ಅದಕ್ಕೆ ಅಂಗಡಿ ಅಂತಾರೇನಪ್ಪಾ?" ಎಂದು ಅಮ್ಮ ಕೇಳಿದಳು.

"ಆರೇ ತಿಂಗ್ಳು ಅಕ್ಕಾ. ರುಚಿ ಹಿಡಿದ್ಮೇಲೆ ಯಾರು ಬಿಡ್ತಾರೆ? ಆಗ ನಾನೇ ಏಣಿ ಹಾಕಿ ನಿಮ್ಮ ಬೋರ್ಡ್ ಕಟ್ತೀನಿ. ಮರಗದಂ ಹೋಟೆಲ್, ಲೈಟ್ ಸಮೇತ."

ಅಮ್ಮ ಆ ರಾತ್ರಿ ಊಟ ಮಾಡಲಿಲ್ಲ. ಬೆಳಿಗ್ಗೆ ಮೀನಿನ ಕೊಳಗವನ್ನು ಮೂರು ಸಲ ಹುಣಸೆಹಣ್ಣು ಹಚ್ಚಿ ತಿಕ್ಕಿದಳು. ದಿನಕರನ್ನನ ಆಳುಗಳು ಬೋರ್ಡು ಇಳಿಸಿ ಹಿಂದಿನ ಗಲ್ಲಿಯ ಚರಂಡಿಯ ಮೇಲೆ ಬೋರಲು ಹಾಕಿದರು, ಬೈಕಿನವರಿಗೆ ದಾಟಲು ಅನುಕೂಲ ಎಂದು. ಅಂದಿನಿಂದ ಅಮ್ಮನ ಹೆಸರನ್ನು ತುಳಿದುಕೊಂಡೇ ಅವಳ ಸಾರು ಊರಿಗೆ ಹೋಯಿತು.

ಹದಿನಾಲ್ಕು ಅಡಿ ಉದ್ದ, ಒಂಬತ್ತು ಅಡಿ ಅಗಲ, ಮೂರು ಒಲೆ. ಕಿಟಕಿ ಇಲ್ಲ. ಶಟರೇ ನಮ್ಮ ಕಿಟಕಿಯಾಗಿತ್ತು. ಏಪ್ರಿಲ್ ಬರುವ ಹೊತ್ತಿಗೆ ಅದು ಕಾವಲಿಯಾಯಿತು. ಅದಕ್ಕೆ ಒತ್ತಿ ಹಿಡಿದರೆ ಹಪ್ಪಳ ಸುಡುತ್ತಿತ್ತು. ಸುಳ್ಳಲ್ಲ, ಹಿಡಿದು ನೋಡಿದ್ದೇನೆ. ಅಮ್ಮನ ಕತ್ತಿನ ಬೆವರುಸಾಲೆ ಹುಣ್ಣಾಯಿತು. ತೊಡೆ ಉಜ್ಜಿ ಸಿಪ್ಪೆ ಎದ್ದಿತು. ಸಾರ್ವಜನಿಕ ಕಕ್ಕಸು ಎದುರು ರಸ್ತೆಯಲ್ಲಿ. ಶಟರ್ ಎತ್ತುವಂತಿಲ್ಲ, ಗಲ್ಲಿ ಸುತ್ತಿ ಹೋಗಬೇಕು, ಹೋಗಿ ಬರುವಷ್ಟರಲ್ಲಿ ಹುಳಿ ತಳ ಹಿಡಿಯುತ್ತದೆ. ಅದಕ್ಕೆ ಅಮ್ಮ ನೀರು ಕುಡಿಯುವುದನ್ನೇ ಬಿಟ್ಟಳು. ದಿನಕ್ಕೆ ನಾಲ್ಕು ಕೊಳಗ ಸಾರು ಕುದಿಸುವವಳು ಒಂದು ಚೊಂಬು ನೀರು ಕುಡಿಯಲಿಲ್ಲ. ಉಚ್ಚೆ ಉರಿದರೆ ಹಲ್ಲು ಕಚ್ಚಿಕೊಂಡು ಒಗ್ಗರಣೆ ಹಾಕುತ್ತಿದ್ದಳು.

ಮೊದಲ ವಾರ ದಿನಾ ಒಂದು ಗಂಟೆಗೆ ಶಟರ್ ಬಡಿಯುವ ಸದ್ದು ಬರುತ್ತಿತ್ತು.

"ಮರಗದಂ! ಒಳಗಿದ್ದೀಯೇನಮ್ಮಾ? ವಾಸನೆ ಬರ್ತಿದೆ." ಇರುದಯಂ ಚಿಕ್ಕಪ್ಪ. "ಒಂದ್ ಹಿಡಿ ಸೋರು ಇದ್ರೆ ಕೊಡಮ್ಮಾ. ಮೀನ್ ಬೇಡ. ಬರೀ ಸೋರು."

ಅಮ್ಮ ಸೌಟು ಹಿಡಿದ ಕೈಯನ್ನು ಹಾಗೇ ನಿಲ್ಲಿಸುತ್ತಿದ್ದಳು. ನಾನು ಉಸಿರು ಬಿಗಿಹಿಡಿಯುತ್ತಿದ್ದೆ. ಹದಿನೈದು ವರ್ಷ ನಮ್ಮ ಕೈಯಲ್ಲಿ ಉಂಡವನು ಹೊರಗೆ ನಿಂತಿದ್ದಾನೆ, ತಗಡಿನ ಈಚೆ ನಾವು ಕಳ್ಳರ ಹಾಗೆ ಕೂತಿದ್ದೇವೆ. ಎಂಟನೇ ದಿನ ಅವನು ಬಡಿಯಲಿಲ್ಲ. ಆ ದಿನ ಅಮ್ಮ ಸಾರಿಗೆ ಎರಡು ಸಲ ಉಪ್ಪು ಹಾಕಿದಳು.

ಸೋರು. ನಮ್ಮ ಬಾಯಲ್ಲಿ ಅನ್ನಕ್ಕೆ ಅದೇ ಹೆಸರು. ಮಾಮಿಯರ ಮನೆಗಳಲ್ಲಿ ಸಾದಂ. ಅದೇ ಅಕ್ಕಿ, ಅದೇ ನೀರು, ಅದೇ ಕುದಿ. ಆದರೆ ಸೋರು ಅಂದ ಬಾಯಿ ಯಾವ ಬೀದಿಯಿಂದ ಬಂತು ಎಂದು ಇಡೀ ಊರಿಗೆ ತಿಳಿಯುತ್ತದೆ. ಅದಕ್ಕೆ ನಾನು ಇದ್ದಿಲಿನಿಂದ ಗೋಡೆಯ ಮೇಲೆ ದೊಡ್ಡದಾಗಿ ಬರೆದುಕೊಂಡಿದ್ದೆ: ಸಾದಂ. ಕೆಳಗೆ ಎರಡು ಗೆರೆ. ಫೋನು ಎತ್ತುವ ಮೊದಲು ಒಂದು ಸಲ ನೋಡಿಕೊಳ್ಳುತ್ತಿದ್ದೆ.

ಮಾಮಿ ಸೂಪರ್ ಹಿಟ್ ಆದಳು. ಕಟೌಟ್ ಒಂದು ಬಾಕಿ. ಜನ ಆರ್ಡರ್ ಕೊಡುವುದಷ್ಟೇ ಅಲ್ಲ, ಸೊಸೆಯ ಮೇಲೆ ದೂರು ಹೇಳಿದರು, ಮಗನ ಜಾತಕ ಓದಿದರು. ದಿನಾ ಫೋನ್ ಮಾಡುತ್ತಿದ್ದವಳು ವಸುಮತಿ. ಬ್ಯಾಂಕಿನಲ್ಲಿ ಕೆಲಸ, ಎದುರು ಫ್ಲ್ಯಾಟಿನ ಹನ್ನೊಂದನೇ ಮಹಡಿ. ಫೋನಿನಲ್ಲಿ ನಮ್ಮ ವಿಳಾಸ ಕಾಣದ ಹಾಗೆ ದಿನಕರನ್ ಮಾಡಿಸಿದ್ದ, ನಾವು ಎಲ್ಲಿದ್ದೇವೆ ಎಂದು ಅವಳಿಗೆ ಗೊತ್ತಿರಲಿಲ್ಲ. ಅವಳು ಎಲ್ಲಿದ್ದಾಳೆ ಎಂದು ನನಗೆ ಗೊತ್ತಿತ್ತು. ಶಟರಿನಲ್ಲಿ ತುಕ್ಕು ತಿಂದ ತೂತೊಂದಿತ್ತು. ಅದರಲ್ಲಿ ಕಣ್ಣಿಟ್ಟರೆ ಅವಳ ನೀಲಿ ಕಾರು ಕಾಣುತ್ತಿತ್ತು. ಒಂದು ದಿನ ಕಾರು ಕೆಟ್ಟು ಇಳಿದವಳು, ಸೆರಗಿನಿಂದ ಮೂಗು ಮುಚ್ಚಿಕೊಂಡು ನಮ್ಮ ಶಟರಿನ ಮುಂದೆಯೇ ನಿಂತಿದ್ದಳು.

"ಮಾಮಿ, ಹೇಗೆ ಇಷ್ಟು ಬಿಸಿಯಾಗಿ ಬರುತ್ತೆ ನಿಮ್ಮ ಊಟ?" ಎಂದು ಅದೇ ಸಂಜೆ ಕೇಳಿದಳು.

"ಪ್ರೀತಿ ಕಣೇ ಮಗೂ, ಪ್ರೀತಿ."

"ನಮ್ಮಮ್ಮ ಹೋಗಿ ನಾಳೆಗೆ ವರ್ಷ ಆಗುತ್ತೆ ಮಾಮಿ. ಕೊನೇ ದಿನ ನನ್ನ ಕೈಯಲ್ಲಿ ಸಾರು ಕೇಳಿದ್ಳು. ನಾನು ಮೀಟಿಂಗ್‌ನಲ್ಲಿದ್ದೆ." ಅವಳು ಅತ್ತಳು. ನಾನೂ ಅತ್ತೆ. ಮಾಮಿಯ ದನಿಯಲ್ಲೇ ಅತ್ತೆ, ಆದರೆ ನಟನೆಯಲ್ಲ. ಅಪ್ಪ ಹೋದಾಗ ನಾನು ಮ್ಯಾಟಿನಿಯಲ್ಲಿದ್ದೆ.

ಆರು ತಿಂಗಳಾಯಿತು. ಅಮ್ಮ ದಿನಕರನ್ನನಿಗೆ ಬೋರ್ಡಿನ ಮಾತು ಎತ್ತಿದಳು.

"ಇದೊಂದು ಆರ್ಡರ್ ಮುಗೀಲಿ ಅಕ್ಕಾ. ವಸುಮತಿ ಮೇಡಂ ತಂಗಿ ಸೀಮಂತ, ಅರವತ್ತು ಎಲೆ. ಇದು ಗೆದ್ರೆ ಮಾರನೇ ದಿನ ಏಣಿ," ಅಂದ.

ಅಮ್ಮ ನಂಬಿದಳು. ಅರವತ್ತು ಎಲೆ ಅಂದರೆ ಅವಳ ಹೆಸರಿಗೂ ಬೀದಿಗೂ ನಡುವೆ ಉಳಿದದ್ದು ಅಷ್ಟೇ.

ಮೇ ತಿಂಗಳು. ಬೆಳಗಿನ ನಾಲ್ಕಕ್ಕೆ ಒಲೆ ಹಚ್ಚಿದೆವು. ಹನ್ನೊಂದಕ್ಕೆ ಹುಳಿ, ಎರಡು ಪಲ್ಯ, ಪಾಯಸ ಆಟೋದಲ್ಲಿ ಹೋದವು. ಸಾರು, ಅನ್ನ ಬಿಸಿಯಾಗಿ ಆಮೇಲೆ ಬರಲಿ ಎಂದು ವಸುಮತಿಯೇ ಹೇಳಿದ್ದಳು. ಹನ್ನೆರಡರ ಹೊತ್ತಿಗೆ ಕರೆಂಟು ಹೋಯಿತು, ಫ್ಯಾನು ನಿಂತಿತು. ಅಮ್ಮ ಸಾರಿನ ಕೊಳಗ ಇಳಿಸಲು ಬಗ್ಗಿದಳು. ಬಗ್ಗಿದವಳು ಏಳಲಿಲ್ಲ. ಕಣ್ಣು ಮೇಲೆ ಹೋಯಿತು, ಕೊಳಗ ವಾಲಿತು, ಕುದಿಯುವ ಸಾರು ಅವಳ ಎಡಗೈ ಮೇಲೆ ಮೊಣಕೈವರೆಗೂ ಹರಿಯಿತು. ಅವಳು ಕೂಗಲಿಲ್ಲ. ಕೂಗಬಾರದು ಎಂದು ಏಳು ತಿಂಗಳಲ್ಲಿ ಮೈಗೇ ಕಲಿಸಿಬಿಟ್ಟಿದ್ದಳು.

ಅವಳ ಕೈಗೆ ಕೊಡದಿಂದ ನೀರು ಸುರಿಯುತ್ತಿದ್ದೆ. ಫೋನು ಬಡಿಯಿತು. ಗೋಡೆ ನೋಡದೆ ಎತ್ತಿದೆ.

"ಮಾಮಿ, ಎಲೆ ಹಾಕಿದ್ದೀವಿ. ಎಲ್ಲರೂ ಕೂತಾಯ್ತು."

"ಬಂತು ಕಣೇ ಮಗೂ, ಬಂತು. ಸೋರು ಬೇಯ್ತಾ ಇದೆ, ಇನ್ನೇನು..."

ವಸುಮತಿ ನನ್ನ ಮಾತು ಕಡಿದಳು.

"ಏನು ಬೇಯ್ತಾ ಇದೆ?"

"ಸಾದಂ ಮಗೂ. ಸಾದಂ ಅಂದೆ."

"ನೀವು ಯಾರು?"

ಫೋನು ಕಟ್ಟಾಯಿತು. ನಾನು ತೂತಿಗೆ ಕಣ್ಣಿಟ್ಟೆ. ಎದುರು ಗೇಟಿನಲ್ಲಿ ನಮ್ಮ ಊಟ ಒಯ್ದ ಆಟೋದವನು ಇನ್ನೂ ಇದ್ದ. ವಸುಮತಿ ರೇಷ್ಮೆ ಸೀರೆಯಲ್ಲಿ ಕೆಳಗೆ ಬಂದು ಅವನನ್ನು ಏನೋ ಕೇಳಿದಳು. ಅವನು ಕೈ ಎತ್ತಿ ನೇರವಾಗಿ ನನ್ನ ಕಣ್ಣನ್ನೇ ತೋರಿಸಿದ.

ಅಷ್ಟರಲ್ಲಿ ದಿನಕರನ್ನನ ಫೋನು. ಸ್ಪೀಕರ್ ಒತ್ತಿ ಕೆಳಗಿಟ್ಟು ಅಮ್ಮನ ಕೈಗೆ ಮತ್ತೆ ನೀರು ಸುರಿದೆ.

"ಏನ್ ಮಾಡ್ಬಿಟ್ಟೆ ಕತ್ತೆ! ಆ ಮೇಡಂ ನಂಗೆ ಫೋನ್ ಮಾಡಿ ಕೂಗಾಡಿದ್ರು. ಕೇಳು. ನಾನು ಬರ್ತಿದೀನಿ. ಮಾಮಿಗೆ ಹುಷಾರಿಲ್ಲ, ಆಸ್ಪತ್ರೆಗೆ ಹೋಗಿದಾರೆ ಅನ್ನು. ನಿಮ್ಮಮ್ಮ ಪಾತ್ರೆ ತಿಕ್ಕೋಳು ಅನ್ನು. ಪಾತ್ರೆ ತಿಕ್ಕೋರು ಯಾರಿದ್ರೂ ಅವ್ರು ಏನೂ ಅನ್ನಲ್ಲ. ಅಷ್ಟು ಹೇಳಿದ್ರೆ ಎಲ್ಲಾ ಉಳಿಯುತ್ತೆ. ಬೋರ್ಡ್ ನಾಳೆನೇ ಕಟ್ತೀನಿ. ನಮ್ಮಮ್ಮನಾಣೆ!"

ಅಮ್ಮ ಗೋಡೆ ಹಿಡಿದು ಎದ್ದಳು.

"ಅಮ್ಮಾ, ಒಂದು ಮಾತು. ಒಂದೇ ಮಾತು ಹೇಳಿಬಿಡೋಣ. ಅಂಗಡಿ ಉಳಿಯುತ್ತೆ," ಅಂದೆ. ಹೌದು, ನಾನೇ ಅಂದೆ.

"ಹನ್ನೊಂದು ವರ್ಷ ತಿಕ್ಕಿದೆ. ಆಗ ಕೇಳಿದ್ರೆ ತಿಕ್ಕೋಳು ಅಂತಿದ್ದೆ. ನಿಜ ಅದು," ಅಂದಳು ಅಮ್ಮ. "ಇವತ್ತು ಬೇಯ್ಸಿದ್ದೀನಿ. ತಿಕ್ಕೋಳು ಅನ್ನಲ್ಲ."

"ಎಲ್ಲಾ ಹೋಗುತ್ತಮ್ಮಾ."

"ಹೋಗ್ಲಿ. ಕೊಕ್ಕೆ ಕೊಡು."

ಶಟರ್ ಎತ್ತುವ ಕಬ್ಬಿಣದ ಕೊಕ್ಕೆಯನ್ನು ಬಲಗೈಯಲ್ಲಿ ಹಿಡಿದಳು. ಸಿನಿಮಾದಲ್ಲಾದರೆ ಒಂದೇ ಎಳೆತಕ್ಕೆ ಶಟರ್ ಹಾರಿ, ಹಿಂದಿನಿಂದ ಬೆಳಕು ಬಂದು, ಕೂದಲು ಹಾರಬೇಕು. ನಮ್ಮದು ಏಳು ತಿಂಗಳ ತುಕ್ಕು ಹಿಡಿದು ಸೊಂಟದೆತ್ತರಕ್ಕೆ ಸಿಕ್ಕಿಕೊಂಡಿತು. ಬಗ್ಗಿ ಹೊರಗೆ ಹೋಗಬಹುದಿತ್ತು. ಅಮ್ಮ ಬಗ್ಗಲಿಲ್ಲ. ಕಾದ ತಗಡಿನ ಅಂಚಿಗೆ ಹೆಗಲು ಕೊಟ್ಟಳು. ನಾನೂ ಕೊಟ್ಟೆ. ರವಿಕೆ ಸುಟ್ಟ ವಾಸನೆ ಬಂತು. ಶಟರ್ ಕಿರುಚಿಕೊಂಡು ಮೇಲೆ ಹೋಯಿತು.

ಎದುರಿಗೆ ವಸುಮತಿ. ಪಕ್ಕದಲ್ಲಿ ಪಂಚೆಯುಟ್ಟ ಅವಳ ಭಾವ, ಹಿಂದೆ ನಾಲ್ಕೈದು ಜನ.

"ಮಾಮಿ ಎಲ್ಲಿ?" ಅಂದಳು.

"ಮಾಮಿ ಅಂತ ಯಾರೂ ಇಲ್ಲಮ್ಮಾ. ನಾನು ಮರಗದಂ. ಅಡುಗೆ ನಂದು. ಅಂಗಡಿ ನಂದು."

"ಸುಳ್ಳು. ನಾನು ದಿನಾ ಮಾತಾಡ್ತಿದ್ದೆ."

ನಾನು ಮುಂದೆ ಬಂದೆ. ತುಂಟತನವೋ ಸಿಟ್ಟೋ, ಈಗಲೂ ಗೊತ್ತಿಲ್ಲ. ದನಿಯನ್ನು ಮೂಗಿಗೆ ಏರಿಸಿದೆ. "ನಾನೇ ಕಣೇ ಮಗೂ."

ಅವಳು ನನ್ನ ಬಾಯಿಯನ್ನೇ ನೋಡಿದಳು.

"ನಮ್ಮಮ್ಮನ ವಿಷಯ ಎಲ್ಲಾ ನಿನ್ನ ಹತ್ರ ಹೇಳ್ಕೊಂಡ್ನಲ್ಲೇ..."

"ನಾನೂ ನಿಜವಾಗ್ಲೂ ಅತ್ತೆ ಅಕ್ಕಾ."

"ಅಕ್ಕಾ ಅನ್ಬೇಡ!"

ಭಾವ ಮುಂದೆ ನುಗ್ಗಿದ. "ಬಸುರಿಗೆ ಹಾಕೋ ಅನ್ನ ಕಣ್ರೇ ಇದು! ಏನೇನ್ ಬೆರೆಸಿದ್ದೀರೋ, ಯಾವ್ಯಾವ ಪಾತ್ರೆಯಲ್ಲಿ ಬೇಯ್ಸಿದ್ದೀರೋ! ಮೋಸಗಾತಿಯರಾ!"

"ಮೋಸ ಹೌದು," ಅಂದಳು ಅಮ್ಮ. "ಹೆಸ್ರು ಸುಳ್ಳು. ಸಾರು ನಿಜ. ಏಳು ತಿಂಗ್ಳು ತಿಂದ್ರಲ್ಲ ಸ್ವಾಮಿ, ಒಂದಿನ ಹೊಟ್ಟೆ ನೋವು ಬಂತಾ?"

ಅವನು ಪೊಲೀಸಿಗೆ ಫೋನ್ ಹಚ್ಚಿದ. ಆಗ ವಸುಮತಿಯ ಕಣ್ಣು ಅಮ್ಮನ ಎಡಗೈ ಮೇಲೆ ಬಿತ್ತು. ಚರ್ಮ ಸುಲಿದು ಬೆರಳ ತುದಿಯವರೆಗೂ ಜೋತುಬಿದ್ದಿತ್ತು. ಬೇಳೆಯ ಕಾಳು ಅಂಟಿಕೊಂಡಿತ್ತು.

"ಅಯ್ಯೋ, ಕೈ..." ಅಂದಳು. ಒಂದು ಹೆಜ್ಜೆ ಮುಂದಿಟ್ಟಳು. ಅವಳ ಕೈ ಅರ್ಧ ಚಾಚಿತ್ತು.

"ವಸು, ಮುಟ್ಬೇಡ. ಪೂಜೆ ಬಾಕಿ ಇದೆ," ಅಂದ ಭಾವ.

ಅವಳು ನಿಂತಳು. ಆಮೇಲೆ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು, ಬಳೆ ಸರಿಮಾಡಿಕೊಂಡಳು, ತಿರುಗಿ ರಸ್ತೆ ದಾಟಿದಳು. ಅವನ ಬೈಗುಳವನ್ನು ನಾನು ಮರೆತೇನು. ಆ ಹಿಂದಕ್ಕೆ ಹೋದ ಕೈಯನ್ನು ಮರೆಯಲಾರೆ.

ಸ್ವಲ್ಪ ಹೊತ್ತಿಗೆ ಗೇಟು ತೆರೆಯಿತು. ವಾಚ್‌ಮನ್ ನಮ್ಮ ಕೊಳಗಗಳನ್ನು ಒಂದೊಂದೇ ಹೊತ್ತು ತಂದು ಚರಂಡಿಗೆ ಬಗ್ಗಿಸಿದ. ಹುಳಿ. ಬೀನ್ಸ್ ಪಲ್ಯ. ಬಾಳೆಕಾಯಿ ಪಲ್ಯ. ಪಾಯಸದಲ್ಲಿ ಗೋಡಂಬಿ ತೇಲುತ್ತಿತ್ತು. ವಾಚ್‌ಮನ್ನೂ ನಮ್ಮವನೇ. ಅವನು ನಮ್ಮ ಕಡೆ ನೋಡಲಿಲ್ಲ.

ಅಮ್ಮ ಬೀದಿಗೆ ಇಳಿದಳು. ಒಲೆಯ ಮೇಲೆ ಅರವತ್ತು ಜನರ ಅನ್ನ ಅರಳಿ ನಿಂತಿತ್ತು.

"ಸೋರು ಇದೆ! ಬನ್ರಪ್ಪಾ, ಬಿಸಿ ಸೋರು!" ಎಂದು ಕೂಗಿದಳು. "ಮರಗದಂ ಅಂಗಡಿ ತೆಗ್ದಿದೆ! ಬನ್ರೋ!"

ಮೂರು ಸಲ ಕೂಗಿದಳು. ಮಲಯಾಳಿಯ ಬಾಗಿಲಿಗೆ ಬೀಗ. ಕಾಸಿಂ ಭಾಯಿಯ ಬಾಗಿಲಿಗೆ ಬೀಗ. ಕಾಲುವೆ ಪಕ್ಕ ಬಯಲು. ನಾನು ಗೂಡ್ಸ್ ಯಾರ್ಡಿಗೆ ಓಡಿದೆ, ಇರುದಯಂ ಚಿಕ್ಕಪ್ಪನಾದರೂ ಸಿಗಲಿ ಎಂದು. ಹೋದ ತಿಂಗಳೇ ಅವನನ್ನೂ ಲಾರಿಗೆ ಏರಿಸಿ ಸಾಗಿಸಿದರಂತೆ. ಹೋಗುವ ಮುಂಚೆ ನಮ್ಮ ಶಟರಿನ ಹತ್ತಿರ ಬಂದು ಹೇಳಿಹೋದನಂತೆ. ಒಳಗೆ ಒಗ್ಗರಣೆಯ ಸದ್ದಿಗೆ ನಮಗೆ ಕೇಳಿಸಿರಲಿಲ್ಲ.

ದಿನಕರನ್ ಬರಲೇ ಇಲ್ಲ. ಪಂಕಜಂ ಮಾಮಿ ಎರಡು ಗಂಟೆ ಫೋನಿನಿಂದ ಮಾಯವಾಗಿ ಮತ್ತೆ ಬಂದಳು. ಅದೇ ಚಿತ್ರ, ಅದೇ ನಕ್ಷತ್ರ. ಅಡುಗೆ ಎಲ್ಲಿಯದೋ, ಯಾವ ಶಟರಿನ ಒಳಗಿನದೋ. ನಾನು ಫೋನ್ ಮಾಡಿ ನೋಡಿದೆ. ಬೇರೆ ಗಂಟಲು. ದನಿ ಪರವಾಗಿಲ್ಲ, ಟೈಮಿಂಗ್ ಇಲ್ಲ. "ಹೇಳು ಮಗೂ" ಅಂದಳು. ನಾನು ಇಟ್ಟುಬಿಟ್ಟೆ. ಅವಳ ಹಿಂದೆ ಯಾರೋ ಕೆಮ್ಮುತ್ತಿದ್ದರು.

ಪೊಲೀಸರು ಬರಲಿಲ್ಲ. ನಾಲ್ಕನೇ ದಿನ ಆಹಾರ ಇಲಾಖೆಯ ಅಧಿಕಾರಿ ಬಂದ. ಜೊತೆಗೆ ಇಬ್ಬರು, ಒಂದು ಬೀಗ, ಅರಗು, ಬಟ್ಟೆಯ ಪಟ್ಟಿ. ದೂರು ಬಂದಿದೆ ಅಂದ. ಒಳ್ಳೆಯವನ ಹಾಗೆ ಕಂಡ, ಬಿಸಿಲಿಗೆ ಬಳಲಿದ್ದ. ಹೊಸ್ತಿಲ ಹೊರಗೇ ನಿಂತು, ಮೂಗಿಗೆ ಕರವಸ್ತ್ರ ಹಿಡಿದು ಫಾರಂ ತುಂಬತೊಡಗಿದ.

"ಇಲ್ಲಿ ಸಹಿ ಹಾಕಮ್ಮಾ."

ಅಮ್ಮನ ಸುಟ್ಟ ಕೈಗೆ ಕಟ್ಟಿದ ಬಟ್ಟೆ ತೋಯ್ದು ಹಳದಿಯಾಗಿತ್ತು. ಅಮ್ಮ ನನ್ನ ಕಡೆ ನೋಡಿದಳು. ನಾನು ಓದಿದೆ. ಅಂಗಡಿ ಮುಚ್ಚಲು ಕಾರಣ, ಎಂದಿತ್ತು. ಮುಂದೆ ಖಾಲಿ.

"ಕಾರಣ ಬರೆದಿಲ್ವಲ್ಲ ಸಾರ್?"

"ಕೊಳಕು ಅಂತ ಬರೀತೀನಮ್ಮಾ. ಇಂಥದಕ್ಕೆಲ್ಲ ಅದೇ ಬರೆಯೋದು."

"ಒಳಗೆ ಬಂದು ನೋಡಿ ಸಾರ್. ನೆಲ ನೋಡಿ, ಪಾತ್ರೆ ನೋಡಿ."

"ನೋಡೋದೇನಿದೆ?" ಅಂದ. ಒಳಗೆ ಬರಲಿಲ್ಲ.

ನನಗೆ ಡೈಲಾಗು ಬರಲಿಲ್ಲ. ಜೀವನದಲ್ಲಿ ಮೊದಲ ಸಲ ಬರೀ ಮಾತು ಬಂತು. "ಲಾರಿ ಅಂತ ಬರೀರಿ ಸಾರ್. ಗಿರಾಕಿನೆಲ್ಲಾ ಲಾರಿಯಲ್ಲಿ ಹೊತ್ಕೊಂಡು ಹೋದ್ರು ಅಂತ ಬರೀರಿ. ಯಾವ ಕಡೆಯೋರು ಅಂತ ಫೋನ್ ಮಾಡಿದ್ದು ಬರೀರಿ. ಏಳು ತಿಂಗ್ಳು ತಿಂದು ಸೋರು ಅಂದ ಕೂಡ್ಲೇ ಚರಂಡಿಗೆ ಸುರಿದಿದ್ದು ಬರೀರಿ."

ಅವನು ಫಾರಂ ತಿರುಗಿಸಿ ತೋರಿಸಿದ. ಪಾಪ, ನಿಜಕ್ಕೂ ತೋರಿಸಿದ. "ಜಾಗ ನೋಡಮ್ಮಾ. ಎರಡು ಪದ ಹಿಡಿಸಿದ್ರೆ ಹೆಚ್ಚು."

"ಎರಡು ಸಾಕು," ಅಂದಳು ಅಮ್ಮ.

ಅವನು ಪೆನ್ನು ಹಿಡಿದು ಕಾದ.

"ಮೊದಲ್ನೇದು ಕೊಳಕು ಅಂತಾನೇ ಬರಿಯಪ್ಪಾ. ಎರಡನೇದು, ಯಾರದು ಅಂತ ಬರಿ."

ಅವನು ಎದುರು ಫ್ಲ್ಯಾಟಿನ ಕಡೆ ನೋಡಿದ. ಚರಂಡಿಯಲ್ಲಿ ಒಣಗಿ ಅಂಟಿದ್ದ ಪಲ್ಯದ ಕಡೆ ನೋಡಿದ. ಅಮ್ಮನ ಕೈ ನೋಡಿದ. ಮೊದಲನೆಯದನ್ನು ಬರೆದ. ಪೆನ್ನಿಗೆ ಮುಚ್ಚಳ ಹಾಕಿದ.